ಕಾಲು ತೆಗೆದರೂ ಎಂಜಿನ್ ಕೂಗುತ್ತಿದೆಯೇ? ಗ್ಯಾರೇಜಿಗೆ ಹೋಗುವ ಮುನ್ನ ಇಷ್ಟು ನೋಡಿ

ಬೆಳಗಿನ ಹಾಲು ಕರೆದು, ಕ್ಯಾನ್‌ಗಳನ್ನು ವ್ಯಾನಿಗೆ ಏರಿಸಿ ಡೇರಿಗೆ ಬಂದಿದ್ದೀರಿ. ಗಾಡಿ ನಿಲ್ಲಿಸಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಸದ್ದು ಇಳಿಯುವುದಿಲ್ಲ. ಯಾರೋ ಒತ್ತಿ ಹಿಡಿದಂತೆ ಎಂಜಿನ್ ಕೂಗುತ್ತಲೇ ಇರುತ್ತದೆ. ಹಾಲು, ಹಿಂಡಿ, ಮೇವು ಸಾಗಿಸಲು ಹಳೆಯ ಪೆಟ್ರೋಲ್ ಕಾರು ಅಥವಾ ವ್ಯಾನ್ ಇಟ್ಟುಕೊಂಡವರಿಗೆ ಈ ತೊಂದರೆ ಹೊಸದಲ್ಲ.

ಇದನ್ನು ಕಡೆಗಣಿಸುವಂತಿಲ್ಲ. ನಿಂತಲ್ಲೇ ಪೆಟ್ರೋಲ್ ಉರಿದು ಹಾಲಿನ ಬಟವಾಡೆಯ ಹಣ ಕರಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕರು ಕಟ್ಟಿದ, ಮಕ್ಕಳು ಓಡಾಡುವ ಅಂಗಳದಲ್ಲಿ ರಿವರ್ಸ್ ತೆಗೆಯುವಾಗ ಕ್ಲಚ್ ಬಿಟ್ಟ ಕೂಡಲೇ ಗಾಡಿ ನುಗ್ಗಬಹುದು.

ಯಾವುದು ಸಹಜ, ಯಾವುದು ದೋಷ?

ಬೆಳಗ್ಗೆ ತಣ್ಣಗಿರುವ ಎಂಜಿನ್ ಶುರುವಾದಾಗ ಆರ್‌ಪಿಎಂ 1200ರಿಂದ 1500ರವರೆಗೆ ಇರುವುದು ಸಹಜ. ಕೆಲವು ನಿಮಿಷಗಳಲ್ಲಿ ಬಿಸಿಯಾದ ಮೇಲೆ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಅದು 700ರಿಂದ 900ರ ನಡುವೆ ಇಳಿಯಬೇಕು. ಎ.ಸಿ. ಹಾಕಿದರೆ ಸ್ವಲ್ಪ ಏರುತ್ತದೆ. ಚೆನ್ನಾಗಿ ಬಿಸಿಯಾದ ಮೇಲೂ, ಎ.ಸಿ. ಇಲ್ಲದೆಯೂ ಮುಳ್ಳು 1200 ದಾಟಿ ನಿಂತರೆ, ಅಥವಾ ಏರುತ್ತ ಇಳಿಯುತ್ತ ಇದ್ದರೆ ದೋಷವಿದೆ ಎಂದರ್ಥ. ಮೀಟರ್ ಇಲ್ಲದ ಗಾಡಿಯಲ್ಲಿ ನಿಮ್ಮ ಕಿವಿಯೇ ಮೀಟರ್.

ಹಾಲು ಕರೆಯುವ ಯಂತ್ರ ಬಲ್ಲವರಿಗೆ ಇದು ಸುಲಭ

ಯಂತ್ರದ ರಬ್ಬರ್ ಪೈಪ್ ಸೀಳಿದರೆ ಏನಾಗುತ್ತದೆ? 'ಸುಯ್' ಎಂದು ಗಾಳಿ ಒಳನುಗ್ಗುತ್ತದೆ, ನಿರ್ವಾತ ಕುಸಿಯುತ್ತದೆ, ಕಪ್‌ಗಳು ಕೆಚ್ಚಲಿನಿಂದ ಜಾರುತ್ತವೆ. ಪೆಟ್ರೋಲ್ ಎಂಜಿನ್ ಕೂಡ ಹಾಗೆಯೇ ಗಾಳಿಯನ್ನು ಎಳೆಯುವ ಪಂಪು. ಕಾಲು ತೆಗೆದಾಗ ಥ್ರಾಟಲ್ ಎಂಬ ಬಾಗಿಲು ಮುಚ್ಚಿಕೊಂಡು, ಸಣ್ಣ ದಾರಿಯಲ್ಲಿ ಮಾತ್ರ ಗಾಳಿ ಹೋಗಬೇಕು. ಆಗ ಒಳಗಿನ ಎಳೆತ ಹಾಲು ಕರೆಯುವ ಯಂತ್ರಕ್ಕಿಂತಲೂ ಜೋರಾಗಿರುತ್ತದೆ. ಬೇರೆಲ್ಲೋ ಗಾಳಿ ನುಸುಳಿದರೆ ಕಂಪ್ಯೂಟರ್ ಅದಕ್ಕೆ ತಕ್ಕ ಪೆಟ್ರೋಲ್ ಬಿಡುತ್ತದೆ, ಎಂಜಿನ್ ಕೂಗುತ್ತದೆ. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಹೆಚ್ಚುವರಿ ಗಾಳಿ ಎಲ್ಲಿಂದ ಬರುತ್ತಿದೆ?

ಮೊದಲು ಎಚ್ಚರಿಕೆ

ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಕೊಟ್ಟಿಗೆಯಲ್ಲಾಗಲಿ, ಮುಚ್ಚಿದ ಶೆಡ್ಡಿನಲ್ಲಾಗಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ವಿಷಾನಿಲ ಜನರನ್ನೂ ದನಗಳನ್ನೂ ಕೊಲ್ಲಬಲ್ಲದು. ಸೆರಗು, ವೇಲ್, ಜಡೆ ಬಿಗಿಯಾಗಿ ಕಟ್ಟಿಕೊಳ್ಳಿ. ರೇಡಿಯೇಟರ್ ಫ್ಯಾನ್ ಎಂಜಿನ್ ನಿಂತ ಮೇಲೂ ತಾನಾಗಿ ತಿರುಗಬಹುದು. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ.

ಸುಲಭದ್ದರಿಂದ ಶುರು ಮಾಡಿ

1. ಪೆಡಲ್: ಎಂಜಿನ್ ಆರಿಸಿ ನೋಡಿ. ಕಾಲಡಿಯ ಮ್ಯಾಟ್ ಅಥವಾ ಹಾಸಿದ ಗೋಣಿಚೀಲ ಪೆಡಲನ್ನು ಒತ್ತಿದೆಯೇ? ಒತ್ತಿ ಬಿಟ್ಟರೆ ಪೆಡಲ್ ತಟ್ಟನೆ ಮೇಲೆ ಬರುತ್ತದೆಯೇ?

2. ಕೇಬಲ್: ಹಳೆಯ ಗಾಡಿಗಳಲ್ಲಿ ಪೆಡಲಿನಿಂದ ಥ್ರಾಟಲ್‌ಗೆ ತಂತಿ ಕೇಬಲ್ ಇರುತ್ತದೆ. ಅದು ಸ್ವಲ್ಪ ಸಡಿಲವಾಗಿರಬೇಕು. ಬಿಗಿಯಾಗಿದ್ದರೆ, ತುಕ್ಕು ಹಿಡಿದಿದ್ದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ.

3. ರಬ್ಬರ್ ಪೈಪ್‌ಗಳು: ಬಾನೆಟ್ ಎತ್ತಿ, ಎಂಜಿನ್ ಸೀಟಿನ ಕೆಳಗಿರುವ ವ್ಯಾನ್ ಆದರೆ ಸೀಟು ಎತ್ತಿ, ಸಣ್ಣ ಪೈಪ್‌ಗಳನ್ನೆಲ್ಲ ಕಣ್ಣಾಡಿಸಿ. ಬಿಸಿಲು, ಶಾಖಕ್ಕೆ ರಬ್ಬರ್ ಸೀಳುತ್ತದೆ. ಹಿಂಡಿ, ಬೂಸಾ ಇಟ್ಟ ಜಾಗದ ಬಳಿ ಗಾಡಿ ನಿಲ್ಲಿಸುವವರು ಇಲಿ ಕಡಿದ ಗುರುತು ಇದೆಯೇ ಎಂದು ನೋಡಿ. ಎಂಜಿನ್ ಶುರು ಮಾಡಿ 'ಸುಯ್' ಸದ್ದಿಗೆ ಕಿವಿಗೊಡಿ. ಒಂದು ಮೊಳ ಪೈಪ್ ತುಂಡಿನ ತುದಿಯನ್ನು ಕಿವಿಯ ಬಳಿ ಹಿಡಿದು ಇನ್ನೊಂದು ತುದಿಯನ್ನು ಪೈಪ್‌ಗಳ ಹತ್ತಿರ ಆಡಿಸಿದರೆ ಜಾಗ ಗೊತ್ತಾಗುತ್ತದೆ. ಫ್ಯಾನ್, ಬೆಲ್ಟ್‌ನಿಂದ ದೂರವಿರಿ. ಪೆಟ್ರೋಲ್ ಅಥವಾ ಸ್ಪ್ರೇ ಚಿಮುಕಿಸಿ ಪರೀಕ್ಷಿಸಬೇಡಿ, ಬೆಂಕಿಯ ಅಪಾಯವಿದೆ.

4. ಬ್ರೇಕ್: ದಪ್ಪ ಪೈಪೊಂದು ಬ್ರೇಕ್ ಬೂಸ್ಟರ್‌ಗೆ ಹೋಗುತ್ತದೆ. ಎಂಜಿನ್ ಆರಿಸಿ ಬ್ರೇಕನ್ನು ನಾಲ್ಕೈದು ಬಾರಿ ತುಳಿಯಿರಿ, ಹಾಗೇ ಒತ್ತಿ ಹಿಡಿದು ಎಂಜಿನ್ ಶುರು ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಅಥವಾ ಬ್ರೇಕ್ ಗಟ್ಟಿಯಾಗಿದ್ದರೆ ಗಾಡಿ ಓಡಿಸಬೇಡಿ, ಮೆಕ್ಯಾನಿಕ್‌ರನ್ನು ಅಲ್ಲಿಗೇ ಕರೆಸಿ.

5. ಕೂಲೆಂಟ್: ಎಂಜಿನ್ ತಣ್ಣಗಿರುವಾಗ ಡಬ್ಬಿಯ ಗುರುತಿನವರೆಗೆ ಕೂಲೆಂಟ್ ಇದೆಯೇ ನೋಡಿ. ಕಡಿಮೆಯಾದರೆ, ಇಲ್ಲವೇ ಶಾಖ ಅಳೆಯುವ ಸೆನ್ಸರ್ ಕೆಟ್ಟರೆ, ಎಂಜಿನ್ ಇನ್ನೂ ತಣ್ಣಗಿದೆ ಎಂದೇ ಕಂಪ್ಯೂಟರ್ ಭಾವಿಸಿ ಆರ್‌ಪಿಎಂ ಇಳಿಸುವುದಿಲ್ಲ.

ಇವೆಲ್ಲ ಸರಿಯಿದ್ದರೆ, ಉಳಿದದ್ದು ಮೆಕ್ಯಾನಿಕ್ ಕೆಲಸ. ಥ್ರಾಟಲ್ ಬಾಗಿಲಿನಲ್ಲಿ ಅಥವಾ ಐಡಲ್ ಗಾಳಿಯ ವಾಲ್ವ್‌ನಲ್ಲಿ ಮಸಿ ಕಟ್ಟಿರಬಹುದು, ಗ್ಯಾಸ್ಕೆಟ್ ಸೋರುತ್ತಿರಬಹುದು. ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿಯಾದರೆ ಚೋಕ್ ಸಿಕ್ಕಿಕೊಂಡಿರಬಹುದು.

ಗ್ಯಾರೇಜಿನಲ್ಲಿ ಏನು ಹೇಳಬೇಕು?

ಹಸುವಿಗೆ ಹುಷಾರಿಲ್ಲವೆಂದಾಗ ಮೇವು ತಿನ್ನುತ್ತಿದೆಯೇ, ಜ್ವರವಿದೆಯೇ, ಎಂದಿನಿಂದ ಎಂದು ವೈದ್ಯರಿಗೆ ಹೇಳುತ್ತೀರಲ್ಲ, ಇಲ್ಲಿಯೂ ಹಾಗೆಯೇ ಹೇಳಿ. ತಣ್ಣಗಿದ್ದಾಗ ಕೂಗುತ್ತದೆಯೋ, ಬಿಸಿಯಾದ ಮೇಲೋ? ಒಂದೇ ಸಮ ಇದೆಯೋ, ಏರಿಳಿತವೋ? ಬ್ಯಾಟರಿ ಬದಲಿಸಿದ ಅಥವಾ ಸರ್ವಿಸ್ ಮಾಡಿಸಿದ ನಂತರ ಶುರುವಾಯಿತೋ? ಹೊಸ ಗಾಡಿಗಳಲ್ಲಿ ಬ್ಯಾಟರಿ ತೆಗೆದ ಮೇಲೆ ಅಥವಾ ಥ್ರಾಟಲ್ ತೊಳೆದ ಮೇಲೆ ಐಡಲನ್ನು ಮತ್ತೆ ಕಲಿಸಬೇಕಾಗಬಹುದು.

ಸ್ಕ್ಯಾನರ್ ಹಾಕಿಸಿ, ಬಂದ ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಪಿ0507 ಎಂದರೆ ಐಡಲ್ ಇರಬೇಕಾದ್ದಕ್ಕಿಂತ ಹೆಚ್ಚಿದೆ ಎಂದರ್ಥ. ಪಿ0171 ಎಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂದರ್ಥ. ಇವು ದೋಷದ ದಾರಿ ತೋರುತ್ತವೆಯೇ ಹೊರತು, ಯಾವ ಭಾಗ ಬದಲಿಸಬೇಕೆಂದು ಹೇಳುವುದಿಲ್ಲ. ದುಬಾರಿ ಭಾಗ ಬದಲಿಸಬೇಕೆಂದರೆ, "ಪೈಪ್ ಸೋರಿಕೆ ನೋಡಿದಿರಾ? ತೊಳೆದು ನೋಡಿದಿರಾ?" ಎಂದು ಕೇಳಿ. ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ಇಂಜೆಕ್ಷನ್ ಗಾಡಿಯಲ್ಲಿ ಕಾರಣ ಹುಡುಕದೆ ಸ್ಕ್ರೂ ತಿರುಗಿಸಿ ಸದ್ದು ಇಳಿಸಲು ಬಿಡಬೇಡಿ. ಕೆಚ್ಚಲು ಬಾವು ಬಂದಾಗ ಊತಕ್ಕೆ ಮಾತ್ರ ಲೇಪ ಹಚ್ಚಿದಂತೆ ಅದು. ಒಳಗಿನ ದೋಷ ಉಳಿದೇ ಇರುತ್ತದೆ.

ಓಡುವಾಗ ಪೆಡಲ್ ಸಿಕ್ಕಿಕೊಂಡರೆ

ಗಾಬರಿಯಾಗಬೇಡಿ. ಕ್ಲಚ್ ಒತ್ತಿ, ಗೇರ್ ನ್ಯೂಟ್ರಲ್‌ಗೆ ತನ್ನಿ. ಬ್ರೇಕ್ ಗಟ್ಟಿಯಾಗಿ ಒತ್ತಿ ರಸ್ತೆ ಬದಿಗೆ ನಿಲ್ಲಿಸಿ, ಆಮೇಲೆ ಎಂಜಿನ್ ಆರಿಸಿ. ಓಡುತ್ತಿರುವಾಗ ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಇದನ್ನು ಇಂದೇ ಹೇಳಿಕೊಡಿ.