ಮುಂಡಗೋಡಿನ ನೆರೆಯವರ ಪೌರತ್ವ

ಅಂಬೇವಾಡಿಯಿಂದ ಹಳಿಯಾಳವನ್ನು ಹಾದು ಮುಂಡಗೋಡನ್ನು ಸೇರಿದವನಿಗೆ, 1966ರಲ್ಲಿ ಸ್ಥಾಪಿತವಾದ ಟಿಬೆಟಿಯನ್ ವಸಾಹತಿನ ಗೋವಿನಜೋಳದ ಹೊಲಗಳೂ ಡ್ರೆಪುಂಗ್, ಗಾದೆನ್ ವಿಹಾರಗಳೂ ಗೋಚರಿಸುತ್ತವೆ. ಅಲ್ಲಿಯೇ ಜನಿಸಿ, ನಮ್ಮ ಸಂತೆಯಲ್ಲಿ ಕನ್ನಡದಲ್ಲಿಯೇ ಚೌಕಾಸಿ ಮಾಡುವ ಆ ಜನರು ಭಾರತದ ಪ್ರಜೆಗಳೋ ಅಲ್ಲವೋ ಎಂಬ ಪ್ರಶ್ನೆ ಉದ್ಭವಿಸುವುದು ಸಹಜವೇ.

ಉತ್ತರವು ಜನ್ಮದಿನಾಂಕವನ್ನು ಅವಲಂಬಿಸಿದೆ. 1955ರ ಪೌರತ್ವ ಅಧಿನಿಯಮದಂತೆ, 1950ರ ಜನವರಿ 26ರಿಂದ ಮೊದಲ್ಗೊಂಡು 1987ರ ಜುಲೈ 1ಕ್ಕೆ ಮುನ್ನ ಈ ನೆಲದಲ್ಲಿ ಹುಟ್ಟಿದವನು, ವಿದೇಶೀ ರಾಯಭಾರಿಗಳ ಮಕ್ಕಳಂತಹ ಅಪವಾದಗಳ ಹೊರತು, ತಂದೆತಾಯಿಗಳು ಯಾರೇ ಆಗಿರಲಿ, ಜನ್ಮತಃ ಪ್ರಜೆ. ತರುವಾಯ ಹುಟ್ಟಿದವನಿಗೆ ತಂದೆಯಾಗಲಿ ತಾಯಿಯಾಗಲಿ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದೀಚೆಗೆ ಮತ್ತೊಬ್ಬರು ಅಕ್ರಮ ವಲಸಿಗರಾಗಿರಲೂ ಕೂಡದು. ಒಂದೇ ಮನೆಯ ಅಣ್ಣನು ಪ್ರಜೆಯಾಗಿ, ತಮ್ಮನು ನೋಂದಣಿ ಪತ್ರವನ್ನು ನವೀಕರಿಸುತ್ತ ವಿದೇಶೀಯನಾಗಿಯೇ ಉಳಿಯುವ ವೈಚಿತ್ರ್ಯವು ಹೀಗೆ ಸಂಭವಿಸಿತು.

ಶಾಸನವು ಸ್ಪಷ್ಟವಾಗಿದ್ದರೂ ಕಚೇರಿಗಳು ಒಪ್ಪಲು ವಿಳಂಬಿಸಿದುವು. ದೆಹಲಿಯ ಉಚ್ಚ ನ್ಯಾಯಾಲಯವು 2010ರಲ್ಲಿ, ಕರ್ನಾಟಕದ್ದು 2013ರಲ್ಲಿ ಈ ಹಕ್ಕನ್ನು ಎತ್ತಿಹಿಡಿದ ಮೇಲೆಯೇ, 2014ರಲ್ಲಿ ಚುನಾವಣಾ ಆಯೋಗವು ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸುವಂತೆ ಸೂಚಿಸಿತು. ಆದರೂ ಅರ್ಹರಲ್ಲಿ ಅನೇಕರು, ಸ್ವದೇಶದ ಆಸೆಯನ್ನೇ ತೊರೆದಂತಾದೀತೆಂಬ ಸಂಕೋಚದಿಂದ, ಅರ್ಜಿ ಹಾಕಲೇ ಇಲ್ಲ.