ನಳದ ನೀರೂ ಸೂಚನಾಫಲಕವೂ

2024ರ ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲ ವಾರವೇ ಏಳನೆಯ ತರಗತಿಯ ಬಾಲಕಿಯೊಬ್ಬಳು ಮೂರು ದಿನ ತಡವಾಗಿ ಬಂದಳು. ಕಾರಣ ಕೇಳಲಾಗಿ, "ನೀರಿನ ವೇಳೆ ಬದಲಾಗಿದೆ, ಸರ್. ಚಾಳಿನ ಬೋರ್ಡಿನ ಮೇಲೆ ಬರೆದಿದ್ದರಂತೆ. ನಮ್ಮ ಅವ್ವನಿಗೆ ಮರಾಠಿ ಓದಲು ಬಾರದು" ಎಂದಳು. "ನಿನಗೆ ಬರುವುದಷ್ಟೆ?" ಎಂದೆವು. ಅವಳು ಬೋರ್ಡನ್ನು ನೋಡಿಯೇ ಇರಲಿಲ್ಲ.

ಊರಿನಲ್ಲಿ ಬಾವಿಗೆ ಕೊಡವಿಳಿಸಿ ನೀರು ಸೇದಿ ಬೆಳೆದ ನಮಗೆ, ನೀರಿಗೊಂದು ಗಳಿಗೆಯುಂಟೆಂಬುದು ಮುಂಬಯಿಗೆ ಬಂದ ಮೇಲೆಯೇ ತಿಳಿದ ಸಂಗತಿ. ಆದುದರಿಂದ ಈ ನಳದ ಹಿಂದಿನ ವ್ಯವಸ್ಥೆಯನ್ನು ಕೊಂಚ ವಿವರಿಸುವುದು ಯುಕ್ತವೆಂದು ತೋರುತ್ತದೆ.

ಮುಂಬಯಿಗೆ ನೀರೊದಗಿಸುವ ಜಲಾಶಯಗಳು ಏಳು. ವಿಹಾರ ಸರೋವರವು 1860ರಲ್ಲಿ ಸಿದ್ಧವಾಯಿತು. ತರುವಾಯ ತುಳಸಿ, ತಾನಸಾ. 1957ರಲ್ಲಿ ಕೆಳ ವೈತರಣಾ ಬಂದಿತು. ಅದನ್ನು ಕಟ್ಟಿಸಿದ ಇಂಜಿನಿಯರ ಮೋಡಕರ ಹೆಸರಿನಿಂದ ಅದಕ್ಕೆ ಮೋಡಕ ಸಾಗರವೆನ್ನುತ್ತಾರೆ. ಆಮೇಲೆ ಮೇಲ್ ವೈತರಣಾ, ಭಾತ್ಸಾ, ಕಡೆಗೆ 2014ರಲ್ಲಿ ಮಧ್ಯ ವೈತರಣಾ. ನಗರಕ್ಕೆ ದಿನವೊಂದಕ್ಕೆ ಸುಮಾರು 390 ಕೋಟಿ ಲೀಟರು ನೀರು ಬರುತ್ತದೆ. ಅದರಲ್ಲಿ ಅರ್ಧದಷ್ಟು ಭಾತ್ಸಾ ಒಂದರದೇ. ಇವುಗಳಲ್ಲಿ ವಿಹಾರ, ತುಳಸಿ ಎರಡೇ ನಗರದ ಮೇರೆಯೊಳಗಿನವು, ಎರಡೂ ಚಿಕ್ಕವು. ಅಂಧೇರಿಯ ಸಬ್‌ವೇಯಲ್ಲಿ ಮಳೆನೀರು ನಿಂತು ವಾಹನಗಳು ಕೆಟ್ಟಿರುವಾಗಲೂ ನಳದಲ್ಲಿ ನೀರಿನ ಕಡಿತವೇಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ಮಳೆ ಅಂಧೇರಿಯಲ್ಲಿ ಬಿದ್ದರೆ ಸಾಲದು. ದೂರದ ಶಹಾಪುರದ ಕಡೆಯ ಗುಡ್ಡಗಳಲ್ಲಿ, ನಾಸಿಕ ಜಿಲ್ಲೆಯಲ್ಲಿ ಬೀಳಬೇಕು.

ಆ ನೀರಿನ ಬಹುಭಾಗವು ಭಾಂಡುಪದಲ್ಲಿ ಶುದ್ಧಿಗೊಂಡು, ಎತ್ತರದ ಸಂಗ್ರಹ ತೊಟ್ಟಿಗಳನ್ನು ಸೇರುತ್ತದೆ. ನೀವು ಬೂಟಿನ ಮನೆಯನ್ನು ನೋಡಲು ಹೋದಾಗ ಎದುರಿಗಿರುವ ಹ್ಯಾಂಗಿಂಗ್ ಗಾರ್ಡನ್ನಿನಲ್ಲಿಯೂ ಓಡಾಡಿರುವಿರಷ್ಟೆ. ಆ ಹುಲ್ಲಿನ ಕೆಳಗೆ ಅಂಥದೊಂದು ತೊಟ್ಟಿಯಿದೆ! ಅಲ್ಲಿಂದ ನೀರು ತನ್ನ ಭಾರದಿಂದಲೇ ಇಳಿದು ಬರುತ್ತದೆ. ಎಲ್ಲ ಬೀದಿಗಳಿಗೂ ಒಮ್ಮೆಗೇ ಬಿಟ್ಟರೆ ಒತ್ತಡವು ಸಾಲದು. ಆದಕಾರಣ ಮುನಿಸಿಪಾಲಿಟಿಯ ಚಾವಿವಾಲಾ ಬೀದಿಯಿಂದ ಬೀದಿಗೆ ಹೋಗಿ, ಉದ್ದನೆಯ ಚಾವಿಯಿಂದ ಒಂದು ವಾಲ್ವು ತೆರೆದು ಇನ್ನೊಂದನ್ನು ಮುಚ್ಚುತ್ತಾನೆ. ನಮ್ಮ ಬೆಳಗಿನ ನಿದ್ರೆ ಈತನ ಕೈಯಲ್ಲಿದೆ.

ನೀರು ನಿಂತ ಹೊತ್ತಿನಲ್ಲಿ ಕೊಳವೆ ಬರಿದಾಗುತ್ತದೆ. ಆಗ ಎಲ್ಲಿಯಾದರೂ ಬಿರುಕಿದ್ದರೆ ಹೊರಗಿನ ಕೊಳೆನೀರು ಒಳಕ್ಕೆ ಸೇರಬಲ್ಲದು. ನೀರು ಬಂದೊಡನೆ ಮೊದಲ ಬಕೀಟನ್ನು ಕುಡಿಯಲು ಹಿಡಿಯದೆ ನೆಲ ತೊಳೆಯಲು ಇಡುವ ಹೆಂಗಸರು ಬುದ್ಧಿವಂತರು. ಕೊಳವೆಯ ದುರಸ್ತಿಯಾದಾಗ ಫಲಕದ ಮೇಲೆ 'ಉಕಳೂನ್, ಗಾಳೂನ್' ಎಂದು ಬರೆದಿರುತ್ತಾರೆ. ಕುದಿಸಿ, ಸೋಸಿ ಕುಡಿಯಿರಿ ಎಂಬುದು ಅದರ ಅರ್ಥ. ಈ ಎರಡು ಮಾತುಗಳನ್ನು ಓದದೆ ಹೋದ ಮನೆಯಲ್ಲಿ ಎಳೆಯ ಕೂಸು ಮಲಗಿರಬಹುದು.

ಆ ವರ್ಷ ಜಲಾಶಯಗಳಲ್ಲಿ ನೀರು ಹತ್ತರಲ್ಲಿ ಒಂದು ಪಾಲಿಗೂ ಕಡಿಮೆಯಾಗಿತ್ತು. ಮೇ 30ರಿಂದ ನೂರಕ್ಕೆ 5, ಜೂನ್ 5ರಿಂದ ನೂರಕ್ಕೆ 10 ಕಡಿತವಾಯಿತು. ಜುಲೈ 29ರಂದು ಅದು ರದ್ದಾಯಿತು. ಹತ್ತು ಕೊಡಗಳಲ್ಲಿ ಒಂದು ಕಡಿಮೆಯಾದರೆ ಚಿಂತೆಯೇನೆಂದು ತಗ್ಗಿನಲ್ಲಿರುವವರು ಕೇಳುವರು. ಆದರೆ ಒತ್ತಡ ಇಳಿದಾಗ ಗುಡ್ಡದ ಮೇಲಿನ ಓಣಿಗಳಿಗೂ ಕೊಳವೆಯ ತುದಿಯಲ್ಲಿರುವ ಚಾಳುಗಳಿಗೂ ಐದು ಕೊಡಗಳು ದೊರೆಯುವುದೇ ಕಷ್ಟ. ಅಂಥ ಸಮಯದಲ್ಲಿಯೇ ಕೆಲವರು ಮುನಿಸಿಪಾಲಿಟಿಯ ಕೊಳವೆಗೆ ನೇರವಾಗಿ ಪಂಪು ಹಚ್ಚುತ್ತಾರೆ. ಇದು ಕಾನೂನಿಗೆ ವಿರುದ್ಧ; ನೆರೆಯವನ ನೀರನ್ನಷ್ಟೇ ಅಲ್ಲ, ಬಿರುಕಿನ ಕೊಳೆಯನ್ನೂ ಅದು ಸೆಳೆಯುತ್ತದೆ.

ಕಟ್ಟಡಗಳಲ್ಲಿ ನೀರು ಮೊದಲು ನೆಲದಡಿಯ ಟಾಕಿಗೆ ಬಿದ್ದು, ಅಲ್ಲಿಂದ ಪಂಪಿನ ಮೂಲಕ ಮಾಳಿಗೆಗೆ ಏರುತ್ತದೆ. ಯಾವ ಹೊತ್ತಿಗೆ ಎಷ್ಟು ಬಿಡಬೇಕೆಂಬುದನ್ನು ಗೊತ್ತುಮಾಡುವುದು ಸೊಸಾಯಿಟಿಯ ಕಮಿಟಿ. ಟಾಕಿಗೇ ನೀರು ಬಾರದಿದ್ದರೆ ಕಮಿಟಿಯವರೊಡನೆ ಜಗಳವಾಡಿ ಫಲವಿಲ್ಲ. ವಾರ್ಡು ಕಚೇರಿಗೆ ಬರೆಯಬೇಕು, ಇಲ್ಲವೆ 1916ಕ್ಕೆ ಫೋನು ಮಾಡಬೇಕು. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲು ಮರೆಯಬಾರದು. ನಾವೊಮ್ಮೆ ಮರೆತು ಎರಡನೆಯ ಬಾರಿ ಮೊದಲಿನಿಂದ ಕಥೆ ಹೇಳಬೇಕಾಯಿತು.

ಆ ಬಾಲಕಿ ಈಗ ಶಾಲೆಗೆ ಹೊರಡುವ ಮುನ್ನ ಫಲಕವನ್ನು ಓದುತ್ತಾಳೆ. ಮುಖ್ಯ ಸೂಚನೆಗಳನ್ನು ಕನ್ನಡದಲ್ಲಿ ನಕಲು ಮಾಡಿ, ಕಾರ್ಯದರ್ಶಿಯವರ ಒಪ್ಪಿಗೆ ಪಡೆದು ಕೆಳಗೆ ಅಂಟಿಸುತ್ತಾಳೆ. ಮೊನ್ನೆಯ ಚೀಟಿಯನ್ನು ನಮಗೂ ತೋರಿಸಿದಳು: "ಭಾನುವಾರ ಟಾಕಿ ತೊಳೆಯುವರು. ಶನಿವಾರ ರಾತ್ರಿಯೇ ನೀರು ತುಂಬಿಟ್ಟುಕೊಳ್ಳಿರಿ." 'ತುಂಬಿಟ್ಟುಕೊಳ್ಳಿರಿ' ಎಂಬಲ್ಲಿ ಒಂದು ಒತ್ತಕ್ಷರ ತಪ್ಪಿತ್ತು, ತಿದ್ದಿ ಕೊಟ್ಟೆವು.