ತಲೆಗೊಪ್ಪುವ ಕೈ

ಜೂನ್ ತಿಂಗಳ ಮೊದಲ ವಾರ. ಹಾಸನದ ನಮ್ಮ ಮನೆಯಲ್ಲಿ ಎಲ್ಲರೂ ರಾತ್ರಿ ಊಟಕ್ಕೆ ಕುಳಿತಿದ್ದೆವು. ಎಂಟು ವರ್ಷದ ಮೊಮ್ಮಗ ಪುಟ್ಟ ಮಾತ್ರ ತಲೆಯ ಮೇಲಿನ ಟೋಪಿ ತೆಗೆದಿರಲಿಲ್ಲ. "ಊಟಕ್ಕೆ ಕೂತಾಗ ಟೋಪಿ ಯಾಕೋ?" ಎಂದು ಅವನಜ್ಜಿ ಕೈ ಚಾಚಿದಳು. ಅವನು ಎರಡೂ ಕೈಯಿಂದ ಟೋಪಿ ಒತ್ತಿ ಹಿಡಿದು ಅತ್ತೇಬಿಟ್ಟ.

ಹಿಂದಿನ ದಿನ ಅವನನ್ನು ಕಟಿಂಗ್ ಶಾಪಿಗೆ ಕರೆದುಕೊಂಡು ಹೋದವನು ನಾನೇ. "ಸಣ್ಣಗೆ ಹೊಡೆದುಬಿಡಪ್ಪ" ಎಂದಷ್ಟೇ ಹೇಳಿ ಪೇಪರ್ ಓದುತ್ತಾ ಕುಳಿತೆ. ಪುಟ್ಟನದು ಗುಂಗುರು ಕೂದಲು. ಅಂಗಡಿಯ ಹುಡುಗ ನೀರು ಚಿಮುಕಿಸಿ, ಬಾಚಿ, ಚಕಚಕನೆ ಕತ್ತರಿಸಿದ. ಅಲ್ಲಿ ಚೆನ್ನಾಗಿಯೇ ಕಂಡಿತು. ಮನೆಗೆ ಬಂದು ಒಣಗಿದ ಮೇಲೆ ಒಂದು ಕಡೆ ಸುರುಳಿ ಮೇಲೇರಿತ್ತು, ಇನ್ನೊಂದು ಕಡೆ ಬುಡವೇ ಕಾಣುತ್ತಿತ್ತು. ಶಾಲೆಯಲ್ಲಿ ಗೆಳೆಯರು "ಉಣ್ಣೆ ಕತ್ತರಿಸಿದ ಕುರಿಮರಿ" ಎಂದು ಕರೆದರಂತೆ.

"ಇನ್ನು ಯಾವತ್ತೂ ನಾನು ಕಟಿಂಗ್ ಮಾಡಿಸಲ್ಲ ತಾತ" ಎಂದ. ಸಿಟ್ಟಿನಲ್ಲಿ ಆ ಹುಡುಗನ ಕಸುಬಿನ ಹೆಸರನ್ನೇ ಬೈಗುಳ ಮಾಡಿ ಆಡಿದ. ಟೋಪಿಗಿಂತ ಆ ಮಾತೇ ನನಗೆ ಹೆಚ್ಚು ನೋವು ತಂದಿತು. ಊಟ ಮುಗಿದ ಮೇಲೆ ಅವನನ್ನು ಜಗುಲಿಯಲ್ಲಿ ಕೂರಿಸಿಕೊಂಡು ನನ್ನ ಬಾಲ್ಯದ ಕಥೆ ಹೇಳಿದೆ. ಮಕ್ಕಳೇ, ನೀವೂ ಕೇಳಿ.

ನಾನು ಹುಟ್ಟಿ ಬೆಳೆದದ್ದು ಹೊಳೆನರಸೀಪುರದ ಹತ್ತಿರದ ಹಳ್ಳಿಯಲ್ಲಿ, ಹೇಮಾವತಿ ಹೊಳೆಯ ಪಕ್ಕ. ಆಗ ಕ್ಷೌರಿಕರೇ ಮನೆ ಬಾಗಿಲಿಗೆ ಬರುತ್ತಿದ್ದರು. ಕಂಕುಳಲ್ಲಿ ಒಂದು ಹಡಪ. ಅದರೊಳಗೆ ಕತ್ತಿ, ಕತ್ತರಿ, ಬಾಚಣಿಗೆ, ಕೈ ಮಿಷನ್ನು. ಹೊಂಗೆ ಮರದ ಕೆಳಗೆ ಮಕ್ಕಳೆಲ್ಲ ಸಾಲಾಗಿ ಕೂರಬೇಕು. ತಣ್ಣನೆಯ ಮಿಷನ್ನು ಕತ್ತಿಗೆ ತಾಗಿದಾಗ ಮೈ ಜುಮ್ಮೆನ್ನುತ್ತಿತ್ತು. ಕೂಲಿ ಆವತ್ತೇ ಕೊಡುವುದಲ್ಲ; ಸುಗ್ಗಿಯಲ್ಲಿ ಕಣದಿಂದ ರಾಗಿಯನ್ನು ಆಯ ಎಂದು ಅಳೆದು ಕೊಡುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಆಯವೂ ಕಡಿಮೆ.

ಹಡಪ ಎಂದರೆ ಎಲೆಯಡಿಕೆಯ ಚೀಲ. ಕ್ಷೌರದ ಸಾಮಾನಿನ ಚೀಲಕ್ಕೂ ಅದೇ ಹೆಸರು. 12ನೇ ಶತಮಾನದಲ್ಲಿ ಬಸವಣ್ಣನವರ ಜೊತೆಗಿದ್ದ ಹಡಪದ ಅಪ್ಪಣ್ಣನವರು ವಚನಕಾರರು. ಅವರ ಪತ್ನಿ ಲಿಂಗಮ್ಮನವರೂ ವಚನ ಬರೆದವರು. ಕ್ಷೌರ ವೃತ್ತಿಯ ಅನೇಕ ಕುಟುಂಬಗಳು ಇಂದಿಗೂ ಅಪ್ಪಣ್ಣನವರನ್ನು ತಮ್ಮ ಹಿರಿಯರೆಂದು ನೆನೆಯುತ್ತವೆ. "ಅಂಥ ಕಸುಬಿನ ಹೆಸರು ಬೈಗುಳ ಆಗಬಹುದೇನೋ?" ಎಂದೆ. ಪುಟ್ಟ ತಲೆ ತಗ್ಗಿಸಿದ.

ಇನ್ನೊಂದು ಸಂಗತಿಯನ್ನೂ ಮುಚ್ಚಿಡದೆ ಹೇಳಿದೆ. ಆ ಹೊಂಗೆ ಮರದ ಸಾಲಿನಲ್ಲಿ ನನ್ನ ತರಗತಿಯ ಗೆಳೆಯನೊಬ್ಬ ಯಾವತ್ತೂ ಕೂರಲಿಲ್ಲ. ಅವನು ದಲಿತರ ಕೇರಿಯವನು. ಅವರ ತಲೆ ಮುಟ್ಟಬಾರದೆಂದು ಊರಿನವರು ಕಟ್ಟು ಮಾಡಿದ್ದರು. ಅವನ ಅಪ್ಪನೇ ಮನೆಯಲ್ಲಿ ಮೊಂಡು ಕತ್ತರಿ ಹಿಡಿದು ಕೂದಲು ತೆಗೆಯುತ್ತಿದ್ದರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅಂಗಡಿ ಎಂದರೆ ಏನೆಂದು ಹೇಳುವಾಗ ಕ್ಷೌರದಂಗಡಿಯನ್ನು ಹೆಸರಿಸಿಯೇ ಸೇರಿಸಿದೆ. ಯಾರನ್ನೂ ಬಾಗಿಲಲ್ಲಿ ತಡೆಯುವಂತಿಲ್ಲ. ನಾವು ಇಂದು ಸಲೀಸಾಗಿ ಹೋಗಿ ಕೂರುವ ಕುರ್ಚಿ ಎಲ್ಲರಿಗೂ ಸುಲಭವಾಗಿ ಸಿಕ್ಕಿದ್ದಲ್ಲ.

ಕೂದಲು ತಿಂಗಳಿಗೆ ಬೆಳೆಯುವುದು ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್. ಪುಟ್ಟ ದಿನವೂ ಕನ್ನಡಿ ಮುಂದೆ ಸ್ಕೇಲು ಹಿಡಿದು ನಿಲ್ಲುತ್ತಿದ್ದ. ಆಗಸ್ಟ್ ಹೊತ್ತಿಗೆ ಕೂದಲು ಕಿವಿ ಮುಚ್ಚಿತು. ಕೂದಲು ಕತ್ತರಿಸಿಕೊಂಡು ಬರಬೇಕೆಂದು ಶಾಲೆಯಿಂದ ಡೈರಿಯಲ್ಲಿ ಬರೆದು ಕಳಿಸಿದರು. ಹಾಸನದ ಯಾವ ಅಂಗಡಿಗೂ ಅವನು ಒಪ್ಪಲಿಲ್ಲ. "ಬೇರೆ ಊರಾದರೆ ನೋಡೋಣ" ಎಂದ. ಸರಿ, ನೆಂಟರ ಮನೆಗೆ ಹೋದಲ್ಲೆಲ್ಲ ನಮ್ಮ ಹುಡುಕಾಟ ಶುರುವಾಯಿತು.

ಹೊಳೆನರಸೀಪುರದಲ್ಲಿ ಒಬ್ಬ ಹಿರಿಯರು. ಕೈ ತುಂಬ ಹಗುರ. ಆದರೆ ಹಿಂದಿನವರ ಗಡ್ಡ ಕೆರೆದ ಬ್ಲೇಡಿನಲ್ಲೇ ಇನ್ನೊಬ್ಬರ ಕತ್ತಿನ ಹಿಂಭಾಗ ತೆಗೆಯುತ್ತಿದ್ದರು. ಒಬ್ಬರ ರಕ್ತ ಸೋಂಕಿದ ಬ್ಲೇಡಿನಿಂದ ಕಾಮಾಲೆ ತರುವ ವೈರಸ್ಸಿನಂಥ ಸೋಂಕು ಇನ್ನೊಬ್ಬರಿಗೆ ಹರಡಬಹುದು. "ಹೊಸ ಬ್ಲೇಡು ಹಾಕ್ತೀರಾ ಯಜಮಾನರೇ?" ಎಂದು ಕೇಳಬೇಕಿತ್ತು. ಸಂಕೋಚಪಟ್ಟು ಸುಮ್ಮನೆ ಎದ್ದು ಬಂದೆ. ನನ್ನ ಎರಡನೆಯ ತಪ್ಪು ಅದು.

ಅರಕಲಗೂಡಿನ ಮಗಳ ಮನೆಗೆ ಹೋದಾಗ ಮಂಗಳವಾರ. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ವಾರದ ರಜೆ ಅವರಿಗೂ ಬೇಡವೇ? ಮರುದಿನ ಹೋದರೆ ಕರೆಂಟ್ ಮಿಷನ್ನಿನ ಗುಂಯ್ ಶಬ್ದಕ್ಕೇ ಪುಟ್ಟ ಕುರ್ಚಿಯಿಂದ ಜಿಗಿದ. ಆ ಕ್ಷೌರಿಕರು ನಗುತ್ತಾ ನನಗೊಂದು ಪಾಠ ಹೇಳಿದರು: "ಗುಂಗುರು ಕೂದ್ಲು ಒದ್ದೆಯಾದ್ರೆ ಉದ್ದ ಕಾಣುತ್ತೆ ಸಾರ್, ಒಣಗಿದ್ರೆ ಸ್ಪ್ರಿಂಗ್ ಥರ ಮೇಲಕ್ಕೆ ಹೋಗುತ್ತೆ. ಒದ್ದೆಯಲ್ಲಿ ಅಳತೆ ಹಿಡಿದ್ರೆ ಕೆಡ್ತು." ಚರ್ಮದೊಳಗೆ ಕೂದಲು ಹುಟ್ಟುವ ಕುಳಿ ನೇರವಾಗಿದ್ದರೆ ಕೂದಲು ನೆಟ್ಟಗೆ, ಬಾಗಿದ್ದರೆ ಗುಂಗುರು. ಇದು ಹುಟ್ಟಿನಿಂದಲೇ ಬರುವುದು. ಎಷ್ಟು ಎಣ್ಣೆ ಹಚ್ಚಿ ಬಾಚಿದರೂ ಬದಲಾಗುವುದಿಲ್ಲ.

ಸೆಪ್ಟೆಂಬರ್‌ನ ಒಂದು ಭಾನುವಾರ ಶ್ರವಣಬೆಳಗೊಳಕ್ಕೆ ಹೋದೆವು. ಬೆಟ್ಟದ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುವಾಗಲೂ ಪುಟ್ಟನ ತಲೆಯ ಮೇಲೆ ಟೋಪಿ. ಮೇಲೆ ಬಾಹುಬಲಿಯ ಎದುರು ನಿಂತು ಬಹಳ ಹೊತ್ತು ನೋಡಿದ. ಸುಮಾರು 981ರಲ್ಲಿ ಕೆತ್ತಿಸಿದ, 57 ಅಡಿಗೂ ಎತ್ತರದ ಮೂರ್ತಿ.

"ತಾತ, ಬಾಹುಬಲಿದೂ ಗುಂಗುರು ಕೂದ್ಲು!"

"ಹೌದು ಮಗ. ಸಾವಿರ ವರ್ಷದಿಂದ ಹಾಗೇ ಇದೆ. ಕುರಿಮರಿ ಅಂತ ಯಾರೂ ಅಂದಿಲ್ಲ."

ಅವನು ತಾನಾಗಿಯೇ ಟೋಪಿ ತೆಗೆದು ನನ್ನ ಕೈಗೆ ಕೊಟ್ಟ.

ವಾಪಸು ಬರುವಾಗ ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಬೇಕಿತ್ತು. ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಎರಡೇ ಕುರ್ಚಿಯ ಒಂದು ಅಂಗಡಿ. ಬೇಸಿನ್ನಿನ ಪಕ್ಕ ಹೊಸ ಬ್ಲೇಡಿನ ಪ್ಯಾಕೆಟ್ಟು, ಒಗೆದು ಮಡಿಸಿದ ಬಟ್ಟೆ. ಅಂಗಡಿಯವರು ನನ್ನನ್ನು ಏನೂ ಕೇಳಲಿಲ್ಲ. ಪುಟ್ಟನ ಎದುರು ಮಂಡಿಯೂರಿ, "ಏನಪ್ಪಾ, ಹೇಗಿರಬೇಕು ನಿನ್ ಕೂದ್ಲು?" ಎಂದರು. ಇಷ್ಟು ತಿಂಗಳಲ್ಲಿ ನಾನೂ ಕೇಳದ ಪ್ರಶ್ನೆ ಅದು!

"ಗುಂಗುರು ಇರಬೇಕು. ಕಿವಿ ಕಾಣಬೇಕು. ಮಿಷನ್ ಬೇಡ" ಎಂದ ಪುಟ್ಟ.

ಅವರು ನೀರು ಹಾಕದೆ, ಒಂದೊಂದೇ ಸುರುಳಿ ಹಿಡಿದು ಕತ್ತರಿಯಲ್ಲೇ ತೆಗೆದರು. ನೆತ್ತಿಯ ಸುಳಿ ತೋರಿಸಿ, "ಇಲ್ಲಿ ತುಂಬಾ ಸಣ್ಣ ಮಾಡಿದ್ರೆ ನೆಟ್ಟಗೆ ನಿಲ್ಲುತ್ತೆ" ಎಂದರು. ಮಧ್ಯೆ ಎರಡು ಸಲ ನಿಲ್ಲಿಸಿ ಕನ್ನಡಿ ಹಿಡಿದು ತೋರಿಸಿದರು. ಕೊನೆಗೆ ಮಿಷನ್ನನ್ನು ತಮ್ಮ ಅಂಗೈ ಮೇಲೆ ಓಡಿಸಿ, ಅವನ ಕೈಗೂ ಕೊಟ್ಟರು. ಪುಟ್ಟ ಅದನ್ನು ಹಿಡಿದು, "ಕಚಗುಳಿ ಆಗುತ್ತೆ!" ಎಂದು ನಕ್ಕ.

"ಪ್ರತಿಸಲ ಇಲ್ಲಿಗೇ ಬರ್ತೀವಿ" ಎಂದೆ. ಅವರು ತಲೆಯಾಡಿಸಿದರು. "ಹಾಸನದಿಂದ ಇಷ್ಟು ದೂರ ಯಾಕೆ ಮೇಷ್ಟ್ರೇ? ನನಗೆ ಹೇಳಿದ್ದನ್ನೇ ಅಲ್ಲೂ ಹೇಳಲಿ. ನಾವು ತಲೆ ಮಾತ್ರ ನೋಡ್ತೀವಿ. ತಲೆಯೊಳಗಿರೋದು ಹೇಳಿದ್ರೆ ತಾನೇ ಗೊತ್ತಾಗೋದು?"

ಆ ಮಾತು ನನ್ನಲ್ಲಿ ಉಳಿಯಿತು. ನವೆಂಬರ್‌ನಲ್ಲಿ ಹಾಸನದ ಅದೇ ಮೊದಲ ಅಂಗಡಿಗೆ ಹೋದೆವು. ಪುಟ್ಟ ಬಾಗಿಲಲ್ಲಿ ಒಂದು ಕ್ಷಣ ನಿಂತ, ಆಮೇಲೆ ತಾನೇ ಕುರ್ಚಿ ಹತ್ತಿದ. "ಅಣ್ಣ, ನೀರು ಹಾಕದೆ ಕತ್ತರಿಸಿ. ಸುಳಿ ಹತ್ರ ಉದ್ದ ಬಿಡಿ. ಹೊಸ ಬ್ಲೇಡು ಹಾಕಿ." ಆ ಹುಡುಗ ಬೆರಗಾಗಿ ನನ್ನ ಕಡೆ ತಿರುಗಿದ. "ಆವತ್ತೇ ಹೀಗೆ ಹೇಳಿದ್ದಿದ್ರೆ ಸಾರ್... ನೀವು ಸಣ್ಣಗೆ ಹೊಡಿ ಅಂದ್ರಿ, ಹೊಡೆದೆ." ನಾನು ಪೇಪರ್ ಮಡಿಸಿಟ್ಟೆ. ಅರ್ಧ ಗಂಟೆ ಅವನು ನಿಧಾನವಾಗಿ, ಪುಟ್ಟನನ್ನು ಕೇಳಿ ಕೇಳಿ ಕತ್ತರಿಸಿದ.

ನಾಲ್ಕು ಊರು ಸುತ್ತಿ ಹುಡುಕಿದ ಕೈ ನಮ್ಮ ಬೀದಿಯಲ್ಲೇ ಇತ್ತು. ಅಜ್ಜ ಅಜ್ಜಿಯರೇ, ಕುರ್ಚಿಯ ಮೇಲೆ ಕೂತ ಮಗುವನ್ನು ಮೊದಲು ಮಾತಾಡಲು ಬಿಡಿ. ಮಕ್ಕಳೇ, ಬೇಕಾದದ್ದನ್ನು ಮರ್ಯಾದೆಯಿಂದ ಹೇಳಿ, ಎದ್ದು ಬರುವಾಗ "ಚೆನ್ನಾಗಿದೆ ಅಣ್ಣ" ಎನ್ನುವುದನ್ನು ಮರೆಯಬೇಡಿ. ಪುಟ್ಟ ಆವತ್ತು ಹಾಗೆಂದಾಗ ಆ ಹುಡುಗನ ಮುಖ ಅರಳಿದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ.

ಟೋಪಿ ಈಗ ನಮ್ಮ ಮನೆಯ ಮೊಳೆಗೆ ನೇತಾಡುತ್ತಿದೆ. ಬಿಸಿಲಿಗೆ ಹೋಗುವಾಗ ಅದನ್ನು ನಾನೇ ಹಾಕಿಕೊಳ್ಳುತ್ತೇನೆ. ನನ್ನ ತಲೆಯಲ್ಲಿ ಕತ್ತರಿಸಲು ಹೆಚ್ಚೇನೂ ಉಳಿದಿಲ್ಲವಲ್ಲ!